ಪೋರ್ಟ್, ಶೆರ್ರಿ, ಮದೀರಾ: ಯುರೋಪಿನ ಸಿಹಿ ಫೋರ್ಟಿಫೈಡ್ ವೈನ್‌ಗಳನ್ನು ಆರಿಸಿ, ತೆರೆದು, ಸವಿಯುವ ಬಗೆ

ಅಂಗಡಿಯ ಶೆಲ್ಫಿನ ಮುಂದೆ ನಿಂತಾಗ ಮೊದಲು ಗೊಂದಲ ಮಾಡುವುದು ಹೆಸರುಗಳು. ರೂಬಿ, ಟಾನಿ, ಕೊಲ್ಯೇಟ, ಕ್ರೀಮ್, ಪೆದ್ರೊ ಹಿಮೇನೆಸ್, ಬೊವಾಲ್, ಬನ್ಯೂಲ್ಸ್. ಒಂದೊಂದೂ ಒಂದೊಂದು ಭಾಷೆಯದು. ಇವೆಲ್ಲ ಫೋರ್ಟಿಫೈಡ್, ಅಂದರೆ ಜೋರಾದ ಸ್ಪಿರಿಟ್ ಸೇರಿಸಿ ಬಲ ಹೆಚ್ಚಿಸಿದ ವೈನ್‌ಗಳು. ನಾನು ಶುರುವಿನಲ್ಲಿ ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಲು ನೋಡಿದೆ. ಉಪಯೋಗವಾಗಲಿಲ್ಲ. ಆಮೇಲೆ ತಿಳಿಯಿತು, ಯಾವ ಬಾಟಲಿ ಸಿಕ್ಕರೂ ಎರಡೇ ಪ್ರಶ್ನೆ ಕೇಳಿಕೊಂಡರೆ ಸಾಕು ಅಂತ.

ಸ್ಪಿರಿಟ್ ಯಾವಾಗ ಸೇರಿಸಿದರು? ಆಮೇಲೆ ಆ ವೈನ್ ಎಲ್ಲಿ ಕೂತು ಹಳೆಯದಾಯಿತು?

ಮೊದಲ ಪ್ರಶ್ನೆಯಿಂದ ಸಿಹಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಎರಡನೆಯದರಿಂದ ರುಚಿ ಎಂಥದ್ದು, ಎಷ್ಟು ತಣ್ಣಗೆ ಕೊಡಬೇಕು, ತೆರೆದ ಮೇಲೆ ಎಷ್ಟು ದಿನ ಇಡಬಹುದು ಎಲ್ಲವೂ ಗೊತ್ತಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಎರಡು ಪ್ರಶ್ನೆಗಳ ಹಿಂದೆಯೇ ಹೋಗುತ್ತವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರುಗಳ ಬಾರ್‌ಗಳಲ್ಲಿ ಗೋವಾದ ಸಿಹಿ ಕೆಂಪು ವೈನ್ ‘ಪೋರ್ಟ್’ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ಪೋರ್ಚುಗೀಸರು 1961ರವರೆಗೆ ಗೋವಾ ಆಳಿದರು, ಹೆಸರು ಅಲ್ಲಿಂದ ಉಳಿದುಕೊಂಡಿತು. ಆದರೆ ಅದನ್ನು ಕುಡಿದು ಪೋರ್ಟ್ ಇಷ್ಟವಿಲ್ಲ ಅಂದುಕೊಂಡವರು ದಯವಿಟ್ಟು ಇನ್ನೊಮ್ಮೆ ಯೋಚಿಸಿ. ಉತ್ತರ ಪೋರ್ಚುಗಲ್ಲಿನ ದೊರೊ ಕಣಿವೆಯ ಪೋರ್ಟ್ ಬೇರೆಯೇ ವಸ್ತು.

ಹೆಜ್ಜೆ 1: ಸ್ಪಿರಿಟ್ ಯಾವಾಗ ಬಿತ್ತು ಅಂತ ತಿಳಿಯಿರಿ

ದ್ರಾಕ್ಷಿ ರಸ ಹುದುಗುವಾಗ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಸುಮ್ನೆ ಬಿಟ್ಟರೆ ಸಕ್ಕರೆಯೆಲ್ಲ ಮುಗಿಯುತ್ತದೆ, ಸಿಹಿಯಿಲ್ಲದ ವೈನ್ ಆಗುತ್ತದೆ. ಆದರೆ ನಡುವೆಯೇ ಜೋರಾದ ಸ್ಪಿರಿಟ್ ಸುರಿದರೆ ಯೀಸ್ಟ್ ತಡೆಯಲಾರದು, ಕೆಲಸ ನಿಲ್ಲಿಸುತ್ತದೆ. ತಿನ್ನದೆ ಉಳಿದ ಸಕ್ಕರೆ ವೈನಿನಲ್ಲೇ ಇರುತ್ತದೆ. ಪೋರ್ಟ್ ಸಿಹಿಯಾಗಿರುವುದು ಹೀಗೆ. ಮೇಲಿಂದ ಸಕ್ಕರೆ ಹಾಕುವುದಿಲ್ಲ.

ದೊರೊದಲ್ಲಿ ಹುದುಗು ಬರೀ ಎರಡು ಮೂರು ದಿನ ನಡೆಯುತ್ತದೆ. ಆಗ ಸುಮಾರು ನಾಲ್ಕು ಪಾಲು ರಸಕ್ಕೆ ಒಂದು ಪಾಲು ಸ್ಪಿರಿಟ್ ಸೇರಿಸುತ್ತಾರೆ. ಅದು ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ್ದು, ಬಲ ಸುಮಾರು 77 ಶೇಕಡ. ಕೊನೆಗೆ ಸಿಗುವ ವೈನಿನಲ್ಲಿ 19ರಿಂದ 22 ಶೇಕಡ ಆಲ್ಕೋಹಾಲ್, ಲೀಟರಿಗೆ ಹತ್ತಿರ ಹತ್ತಿರ 100 ಗ್ರಾಂ ಸಕ್ಕರೆ. ಕೋಲಾದಲ್ಲಿ ಇರುವುದೂ ಸುಮಾರು ಇಷ್ಟೇ. ಆದರೂ ಪೋರ್ಟ್ ಅಷ್ಟು ಸಿಹಿ ಅನಿಸುವುದಿಲ್ಲ, ಯಾಕೆಂದರೆ ಸಿಪ್ಪೆಯ ಒಗರು, ಸ್ಪಿರಿಟ್ಟಿನ ಖಾರ ಎರಡೂ ಸಿಹಿಯನ್ನು ಹಿಡಿದು ನಿಲ್ಲಿಸುತ್ತವೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯವಿದೆ. ಸಾಮಾನ್ಯ ಕೆಂಪು ವೈನಿನಲ್ಲಿ ಸಿಪ್ಪೆ ಒಂದೆರಡು ವಾರ ರಸದಲ್ಲಿ ನೆನೆದು ಬಣ್ಣ ಬಿಡುತ್ತದೆ. ಪೋರ್ಟಿಗೆ ಅಷ್ಟು ಸಮಯವಿಲ್ಲ. ಎರಡು ದಿನದಲ್ಲಿ ಅಷ್ಟೂ ಬಣ್ಣ, ಒಗರು ತೆಗೆಯಬೇಕು. ಅದಕ್ಕೇ ಲಗಾರ್ ಅನ್ನುವ ತಗ್ಗಾದ ಕಲ್ಲಿನ ತೊಟ್ಟಿಗಳಲ್ಲಿ ಜನ ಸಾಲಾಗಿ ನಿಂತು, ಭುಜಕ್ಕೆ ಭುಜ ಕೊಟ್ಟು, ದ್ರಾಕ್ಷಿ ತುಳಿಯುತ್ತಿದ್ದರು. ಅಂಗಾಲು ಮೆತ್ತಗಿರುತ್ತದೆ. ಸಿಪ್ಪೆ ಚೆನ್ನಾಗಿ ಅರೆಯುತ್ತದೆ, ಬೀಜ ಒಡೆಯುವುದಿಲ್ಲ. ಬೀಜ ಒಡೆದರೆ ಕಹಿ ಬರುತ್ತದೆ. ಈಗ ಬಹುಪಾಲು ಯಂತ್ರ ಬಂದಿದೆ, ಆದರೆ ಒಳ್ಳೆಯ ವಿಂಟೇಜ್ ಪೋರ್ಟಿಗೆ ಕಾಲಲ್ಲಿ ತುಳಿಯುವ ಮನೆತನಗಳು ಇನ್ನೂ ಇವೆ.

ಫ್ರಾನ್ಸಿನ ದಕ್ಷಿಣದಲ್ಲೂ ಇದೇ ಉಪಾಯ. ಮೊಂಪೆಲಿಯೆಯಲ್ಲಿ ವೈದ್ಯನಾಗಿದ್ದ ಅರ್ನಾವ್ ದೆ ವಿಲನೋವಾ 13ನೇ ಶತಮಾನದ ಕೊನೆಗೆ ಇದನ್ನು ಕಂಡುಕೊಂಡ ಅಂತ ಅಲ್ಲಿನವರು ಹೇಳುತ್ತಾರೆ. ಅಲ್ಲಿ ಸ್ಪಿರಿಟ್ 95 ಶೇಕಡಕ್ಕೂ ಜೋರು, ಅದಕ್ಕೇ ಕಡಿಮೆ ಸಾಕು, ರಸದ ಹತ್ತನೇ ಒಂದು ಪಾಲಿಗಿಂತ ಹೆಚ್ಚಿಲ್ಲ. ಮಸ್ಕಟ್ ದ್ರಾಕ್ಷಿಯ ಬೋಮ್-ದ-ವೆನಿಸ್, ಗ್ರೆನಾಶ್ ದ್ರಾಕ್ಷಿಯ ಬನ್ಯೂಲ್ಸ್ ಮತ್ತು ಮೋರಿ ಈ ಗುಂಪಿನವು.

ಶೆರ್ರಿ ಉಲ್ಟಾ. ದಕ್ಷಿಣ ಸ್ಪೇನಿನ ಹೆರೆಸ್‌ನಲ್ಲಿ ಪಲೊಮಿನೊ ದ್ರಾಕ್ಷಿಯ ರಸವನ್ನು ಪೂರ್ತಿ ಹುದುಗಲು ಬಿಡುತ್ತಾರೆ. ಸಕ್ಕರೆ ಮುಗಿದ ಮೇಲೆ ಸ್ಪಿರಿಟ್ ಹಾಕುತ್ತಾರೆ. ಹಾಗಾಗಿ ಫಿನೊ, ಮನ್ಸಾನಿಯಾ, ಒಲೊರೊಸೊ ಯಾವುದೂ ಸಿಹಿ ಇಲ್ಲ. ಸಿಹಿ ಅಂತ ನಂಬಿ ಫಿನೊ ತಂದವರಿಗೆ ಮೊದಲ ಗುಟುಕು ಬೇಸರ ತರಿಸುತ್ತದೆ. ನಮಗೆ ಬೇಕಾದ್ದು ಕ್ರೀಮ್ ಶೆರ್ರಿ ಅಥವಾ ಪೆದ್ರೊ ಹಿಮೇನೆಸ್. ಎರಡನೆಯದನ್ನು ಎಲ್ಲರೂ ಪಿಎಕ್ಸ್ ಅಂತಲೇ ಕರೆಯುತ್ತಾರೆ. ಪಿಎಕ್ಸ್ ದ್ರಾಕ್ಷಿಯನ್ನು ಕಿತ್ತು ಚಾಪೆಯ ಮೇಲೆ ಬಿಸಿಲಿಗೆ ಹರಡುತ್ತಾರೆ, ನಾವು ಮೇಲ್ಛಾವಣಿಯಲ್ಲಿ ಸಂಡಿಗೆ ಒಣಗಿಸಿದಂತೆ. ಅರ್ಧ ಒಣದ್ರಾಕ್ಷಿಯಾದ ಮೇಲೆ ಹಿಂಡುತ್ತಾರೆ. ಆ ರಸ ಎಷ್ಟು ಗಟ್ಟಿ ಅಂದರೆ ಯೀಸ್ಟ್ ಅದರಲ್ಲಿ ಹೆಚ್ಚು ದೂರ ಹೋಗಲಾರದು. ಲೀಟರಿಗೆ ಕನಿಷ್ಠ 212 ಗ್ರಾಂ ಸಕ್ಕರೆ ಇರಬೇಕು ಅಂತ ನಿಯಮ. 400 ದಾಟುವುದೂ ಉಂಟು. ನೋಡಲು, ಸುರಿಯಲು, ನಾಲಿಗೆಗೆ, ಎಲ್ಲದರಲ್ಲೂ ನಮ್ಮ ಜೋನಿ ಬೆಲ್ಲದ ನೆನಪು ಬರುತ್ತದೆ. ಕ್ರೀಮ್ ಅಂದರೆ ಒಲೊರೊಸೊಗೆ ಪಿಎಕ್ಸ್ ಅಥವಾ ಅಂಥದ್ದೇ ಸಿಹಿ ಬೆರೆಸಿದ್ದು. ಹಾಲಿನ ಕೆನೆಗೂ ಅದಕ್ಕೂ ಸಂಬಂಧವಿಲ್ಲ.

ಸೋಟೆರ್ನ್, ಟೋಕೈ, ಐಸ್ ವೈನ್ ಕೂಡ ಸಿಹಿಯೇ. ಆದರೆ ಅವುಗಳಿಗೆ ಸ್ಪಿರಿಟ್ ಬೀಳುವುದಿಲ್ಲ, ಇಲ್ಲಿ ಅವನ್ನು ಬಿಡೋಣ.

ಹೆಜ್ಜೆ 2: ಎಲ್ಲಿ ಹಳೆಯದಾಯಿತು ಅಂತ ನೋಡಿ

ಒಂದೇ ಕಣಿವೆ, ಅದೇ ತೂರಿಗಾ ನಸಿಯೊನಾಲ್, ತೂರಿಗಾ ಫ್ರಾಂಕಾ ದ್ರಾಕ್ಷಿಗಳು, ಅದೇ ಸ್ಪಿರಿಟ್. ಆದರೂ ರೂಬಿ ಪೋರ್ಟ್ ನೇರಳೆ ಹಣ್ಣಿನ ಬಣ್ಣದಲ್ಲಿರುತ್ತದೆ, 20 ವರ್ಷದ ಟಾನಿ ಕಾಫಿ ಡಿಕಾಕ್ಷನ್ನಿಗೆ ನೀರು ಬೆರೆಸಿದ ಬಣ್ಣದಲ್ಲಿರುತ್ತದೆ. ವ್ಯತ್ಯಾಸ ಮಾಡಿದ್ದು ಗಾಳಿ.

ರೂಬಿ ಮಾಡುವವರು ವೈನನ್ನು ದೊಡ್ಡ ತೊಟ್ಟಿಗಳಲ್ಲಿಟ್ಟು, ಗಾಳಿ ತಾಗದಂತೆ ನೋಡಿ, ಬೇಗ ಬಾಟಲಿಗೆ ತುಂಬುತ್ತಾರೆ. ಹಣ್ಣಿನ ಬಣ್ಣ, ಹಣ್ಣಿನ ವಾಸನೆ ಹಾಗೇ ಉಳಿಯುತ್ತದೆ. ಇದರ ದೊಡ್ಡಣ್ಣ ವಿಂಟೇಜ್. ಒಳ್ಳೆಯ ವರ್ಷದಲ್ಲಿ ಮಾತ್ರ ಮಾಡುತ್ತಾರೆ. ಎರಡು ಮೂರು ವರ್ಷಕ್ಕೆ ಬಾಟಲಿಗೆ ಹಾಕುತ್ತಾರೆ, ಉಳಿದ ಹತ್ತಾರು ವರ್ಷ ಬಾಟಲಿಯ ಒಳಗೇ ಮಾಗುತ್ತದೆ. 1963, 1994, 2011ರ ವಿಂಟೇಜ್‌ಗಳಿಗೆ ಇವತ್ತಿಗೂ ದೊಡ್ಡ ಹೆಸರು. ನಡುವಿನದು ಎಲ್‌ಬಿವಿ, ಅಂದರೆ ಲೇಟ್ ಬಾಟಲ್ಡ್ ವಿಂಟೇಜ್, ತಡವಾಗಿ ಬಾಟಲಿಗೆ ಹಾಕಿದ್ದು. ಒಂದೇ ವರ್ಷದ ದ್ರಾಕ್ಷಿ, ಆದರೆ ನಾಲ್ಕರಿಂದ ಆರನೇ ವರ್ಷದಲ್ಲಿ ಬಾಟಲಿಗೆ ಬರುತ್ತದೆ. ಬೆಲೆ ವಿಂಟೇಜ್‌ಗಿಂತ ತುಂಬಾ ಕಡಿಮೆ, ರುಚಿಯಲ್ಲಿ ಅದರ ಅಂದಾಜು ಸಿಗುತ್ತದೆ.

ಟಾನಿ ಸಣ್ಣ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂರುತ್ತದೆ. ಮರದ ಸಂದಿನಿಂದ ಸ್ವಲ್ಪ ಸ್ವಲ್ಪವೇ ಗಾಳಿ ಒಳಗೆ ಹೋಗುತ್ತದೆ, ಸ್ವಲ್ಪ ವೈನ್ ಆವಿಯಾಗುತ್ತದೆ. ಕೆಂಪು ಮಾಸುತ್ತದೆ. ಹಣ್ಣಿನ ಜಾಗಕ್ಕೆ ಅಕ್ರೋಟು, ಒಣ ಅಂಜೂರ, ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆ ಬರುತ್ತವೆ. ಲೇಬಲ್ ಮೇಲಿನ 10, 20, 30, 40 ಅನ್ನುವುದು ಬೇರೆ ಬೇರೆ ವಯಸ್ಸಿನ ವೈನ್ ಬೆರೆಸಿ ಆ ವಯಸ್ಸಿನ ಗುಣ ತಂದದ್ದಕ್ಕೆ ಗುರುತು. ಒಂದೇ ವರ್ಷದ ಟಾನಿಗೆ ಕೊಲ್ಯೇಟ ಅಂತ ಹೆಸರು. ಅದು ಕನಿಷ್ಠ ಏಳು ವರ್ಷ ಪೀಪಾಯಿಯಲ್ಲಿ ಇರಲೇಬೇಕು.

ಶೆರ್ರಿಯದು ಇನ್ನೊಂದು ಪದ್ಧತಿ, ಸೊಲೇರಾ. ಪೀಪಾಯಿಗಳನ್ನು ವಯಸ್ಸಿನ ಪ್ರಕಾರ ಸಾಲು ಮಾಡಿರುತ್ತಾರೆ. ಅತಿ ಹಳೆಯ ಸಾಲಿನಿಂದ ಸ್ವಲ್ಪ ತೆಗೆದು ಬಾಟಲಿಗೆ ಹಾಕುತ್ತಾರೆ. ತೆಗೆದಷ್ಟನ್ನು ಅದಕ್ಕಿಂತ ಎಳೆಯ ಸಾಲಿನಿಂದ ತುಂಬುತ್ತಾರೆ, ಅದನ್ನು ಇನ್ನೂ ಎಳೆಯದರಿಂದ. ಪೀಪಾಯಿ ಎಂದೂ ಖಾಲಿಯಾಗುವುದಿಲ್ಲ. ಮನೆಯಲ್ಲಿ ಹಳೆ ಮೊಸರಿನಿಂದ ಹೊಸ ಹಾಲಿಗೆ ಹೆಪ್ಪು ಹಾಕುತ್ತಾ ಬಂದ ಹಾಗೆ, ಮೊದಲಿನದರ ಅಂಶ ಎಲ್ಲೋ ಒಂದಿಷ್ಟು ಉಳಿದೇ ಇರುತ್ತದೆ. ಹಾಗಾಗಿ ಶೆರ್ರಿ ಬಾಟಲಿಯ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ.

ಇನ್ನು ಮದೀರಾ. ಅಟ್ಲಾಂಟಿಕ್ ಸಾಗರದ ನಡುವೆ ಇರುವ ಪೋರ್ಚುಗಲ್ಲಿನ ದ್ವೀಪ. ಏಷ್ಯಾಕ್ಕೂ ಅಮೆರಿಕಕ್ಕೂ ಹೋಗುವ ಹಡಗುಗಳು ಅಲ್ಲಿ ನಿಂತು ವೈನ್ ತುಂಬಿಕೊಳ್ಳುತ್ತಿದ್ದವು. ಭಾರತಕ್ಕೆ ಹೋಗಿ ಮಾರಾಟವಾಗದೆ ವಾಪಸ್ ಬಂದ ಪೀಪಾಯಿಗಳ ವೈನ್, ಹೊರಡುವಾಗ ಇದ್ದುದಕ್ಕಿಂತ ರುಚಿಯಾಗಿತ್ತು. ಉಷ್ಣವಲಯದ ಕಡಲಿನ ಸೆಕೆಯಲ್ಲಿ ತಿಂಗಳುಗಟ್ಟಲೆ ಬೆಂದು ಬಂದಿತ್ತು. ಆಮೇಲೆ ಬೇಕಂತಲೇ ಹೀಗೆ ಸುತ್ತಿಸಿ ತರತೊಡಗಿದರು. ಅದಕ್ಕೆ ‘ವಿನ್ಯು ದ ರೋದಾ’, ಸುತ್ತು ಹಾಕಿ ಬಂದ ವೈನ್, ಅಂತ ಹೆಸರು ಬಂತು. ಈಗ ಹಡಗು ಬೇಡ. ಅಗ್ಗದ ಮದೀರಾವನ್ನು ಬಿಸಿ ತೊಟ್ಟಿಯಲ್ಲಿ, 50 ಡಿಗ್ರಿ ಮೀರದಂತೆ, ಮೂರು ತಿಂಗಳಾದರೂ ಕಾಯಿಸುತ್ತಾರೆ. ಒಳ್ಳೆಯದನ್ನು ಅಟ್ಟದ ಮೇಲಿನ ಪೀಪಾಯಿಗಳಲ್ಲಿ ಬಿಸಿಲಿನ ಝಳಕ್ಕೇ ಬಿಡುತ್ತಾರೆ. ಕನಿಷ್ಠ ಎರಡು ವರ್ಷ, ಎಷ್ಟೋ ಸಲ ಹತ್ತಿಪ್ಪತ್ತು ವರ್ಷ. ಸಿಹಿ ಎಷ್ಟಿದೆ ಅಂತ ದ್ರಾಕ್ಷಿಯ ಹೆಸರೇ ಹೇಳುತ್ತದೆ. ಸೆರ್ಸಿಯಾಲ್‌ನಲ್ಲಿ ಸಿಹಿ ಕಡಿಮೆ, ವರ್ದೆಲ್ಯು ಸ್ವಲ್ಪ ಜಾಸ್ತಿ, ಬೊವಾಲ್ ಇನ್ನೂ ಜಾಸ್ತಿ, ಮಾಲ್ವಸಿಯಾ ಎಲ್ಲಕ್ಕಿಂತ ಸಿಹಿ. ಆದರೆ ನಾಲ್ಕರಲ್ಲೂ ನಿಂಬೆಯಂಥ ಹುಳಿ ಇರುತ್ತದೆ. ಸಿಹಿ ವೈನ್ ನನಗಾಗದು ಅನ್ನುವವರಿಗೆ ನಾನು ಮೊದಲು ಕೊಡುವುದು ಬೊವಾಲ್.

ಹೆಜ್ಜೆ 3: ಮೊದಲ ಮೂರು ಬಾಟಲಿ ಆರಿಸಿ

ಒಂದು ಎಲ್‌ಬಿವಿ ಪೋರ್ಟ್. ಒಂದು 10 ವರ್ಷದ ಟಾನಿ. ಒಂದು ಪಿಎಕ್ಸ್. ಇವಿಷ್ಟರಿಂದ ಶುರು ಮಾಡಿ.

ಕಾರಣ ಇದೆ. ಎಲ್‌ಬಿವಿ ಮತ್ತು ಟಾನಿ ಒಟ್ಟಿಗಿದ್ದರೆ ಗಾಳಿ ಮಾಡಿದ ಕೆಲಸ ಎದುರೆದುರೇ ಕಾಣುತ್ತದೆ. ಪಿಎಕ್ಸ್ ಸೇರಿದರೆ ಸಿಹಿಯ ಮೇಲ್ಮಿತಿ ಎಲ್ಲಿದೆ ಅಂತ ತಿಳಿಯುತ್ತದೆ. ಪೋರ್ಟ್ ಬಾಟಲಿಗಳು ತಲಾ 750 ಮಿಲಿ, ಪಿಎಕ್ಸ್ 500 ಮಿಲಿ ಬಾಟಲಿಯಲ್ಲೂ ಸಿಗುತ್ತದೆ. ಮೂರೂ ಸೇರಿ ಸರಿಯಾಗಿ 2 ಲೀಟರ್. ವಿದೇಶದಿಂದ ಭಾರತಕ್ಕೆ ಬರುವ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದೂ ಅಷ್ಟೇ. ಯುರೋಪಿನಲ್ಲಿರುವ ಅಣ್ಣನೋ ಗೆಳತಿಯೋ ರಜೆಗೆ ಊರಿಗೆ ಬರುತ್ತಿದ್ದರೆ ಈ ಪಟ್ಟಿ ಕಳಿಸಿಬಿಡಿ. ನೀವೇ ಪೋರ್ಟೊ ನಗರಕ್ಕೆ ಹೋದರೆ ಇನ್ನೂ ಒಳ್ಳೆಯದು. ಸೇತುವೆ ದಾಟಿದರೆ ವಿಲಾ ನೋವಾ ದೆ ಗಾಯಾ. ಪೋರ್ಟ್ ಕಂಪನಿಗಳ ಹಳೆಯ ಗೋದಾಮುಗಳು ಅಲ್ಲೇ ಇವೆ, ಗ್ಲಾಸ್ ಲೆಕ್ಕದಲ್ಲಿ ರುಚಿ ನೋಡಿ ಕೊಳ್ಳಬಹುದು.

ಲೇಬಲ್ ಓದುವಾಗ ಮೂರು ಕಡೆ ಕಣ್ಣು ಹಾಯಿಸಿ. ಆಲ್ಕೋಹಾಲ್ 15ರಿಂದ 22ರ ಒಳಗೆ ಇದೆಯಾ? ಸಿಹಿಯ ಪದ ಇದೆಯಾ? ಪೋರ್ಚುಗೀಸಿನಲ್ಲಿ ದೋಸೆ (ನಮ್ಮ ದೋಸೆಯ ಹಾಗೇ ಕೇಳುತ್ತದೆ, ಮರೆಯುವುದಿಲ್ಲ ಅಲ್ವಾ), ಸ್ಪ್ಯಾನಿಶ್‌ನಲ್ಲಿ ದುಲ್ಸೆ, ಇಟಾಲಿಯನ್‌ನಲ್ಲಿ ದೋಲ್ಚೆ, ಫ್ರೆಂಚ್‌ನಲ್ಲಿ ದೂ. ಸೆಕೊ, ಸೆಕ್ಕೊ, ಸೆಕ್ ಅಂತಿದ್ದರೆ ಸಿಹಿ ಕಡಿಮೆ. ಮೂರನೆಯದಾಗಿ ಪೋರ್ಟ್ ಬಾಟಲಿಯ ಕತ್ತಿನ ಮೇಲೆ ಅಂಚೆಚೀಟಿಯ ಹಾಗೆ ಉದ್ದನೆಯ ಕಾಗದದ ಮುದ್ರೆ ಇರುತ್ತದೆ. ಅದು ಸರಕಾರಿ ಖಾತರಿ. ಈ ಕಾವಲು ಹಳೆಯದು. ಪೋರ್ಚುಗಲ್ಲಿನ ಆಗಿನ ಪ್ರಬಲ ಮಂತ್ರಿ, ಪೋಂಬಾಲ್‌ನ ಮಾರ್ಕ್ವಿಸ್, 1756ರಲ್ಲೇ ದೊರೊ ಕಣಿವೆಗೆ ಗಡಿ ಗುರುತಿಸಿ ಕಲ್ಲು ನೆಡಿಸಿದ. ವೈನಿಗೆ ಬಣ್ಣ ಕಟ್ಟಲು ಎಲ್ಡರ್ ಹಣ್ಣಿನ ರಸ ಬೆರೆಸುತ್ತಿದ್ದಾರೆ ಅಂತ ಆ ಗಿಡಗಳನ್ನೇ ಕೀಳಿಸಿದ.

ಮೊದಲ ಸಲಕ್ಕೆ ವಿಂಟೇಜ್ ಪೋರ್ಟ್ ಬೇಡ. ಎಳೆಯದಾದರೆ ಒಗರು ಜಾಸ್ತಿ, ಹಳೆಯದಾದರೆ ಬೆಲೆ ಜಾಸ್ತಿ, ತೆರೆದರೆ ಎರಡು ಮೂರು ದಿನದಲ್ಲಿ ಮುಗಿಸಬೇಕು.

ಹೆಜ್ಜೆ 4: ತಣ್ಣಗೆ ಮಾಡಿ, ತೆರೆಯಿರಿ

ಯುರೋಪಿನ ಪುಸ್ತಕಗಳು ಕೆಂಪು ಪೋರ್ಟನ್ನು ಕೋಣೆಯ ಉಷ್ಣತೆಯಲ್ಲಿ ಕೊಡಿ ಅನ್ನುತ್ತವೆ. ಅಲ್ಲಿನ ಹಳೆ ಮನೆಗಳ ಕೋಣೆ 16-18 ಡಿಗ್ರಿ ಇರುತ್ತಿತ್ತು. ರಾಯಚೂರಿನ ಏಪ್ರಿಲ್ ಹಾಗಿರುತ್ತದಾ? ಬೆಂಗಳೂರಿನಲ್ಲೂ ಇರುವುದಿಲ್ಲ. ವೈನ್ ಬೆಚ್ಚಗಾದರೆ ಸ್ಪಿರಿಟ್ಟಿನ ಘಾಟು ಮೂಗಿಗೆ ಹೊಡೆಯುತ್ತದೆ, ಸಿಹಿ ಅಂಟಂಟು ಅನಿಸುತ್ತದೆ. ಆದ್ದರಿಂದ ಎಲ್ಲವನ್ನೂ ಫ್ರಿಜ್‌ನಲ್ಲಿಡಿ. ಎಲ್‌ಬಿವಿಯನ್ನು ಕುಡಿಯುವ ಮುಕ್ಕಾಲು ಗಂಟೆ ಮೊದಲು ಹೊರಗೆ ತೆಗೆಯಿರಿ. ಟಾನಿ, ಪಿಎಕ್ಸ್, ಮದೀರಾಗಳಿಗೆ 12-14 ಡಿಗ್ರಿ ಸಾಕು, ಇಪ್ಪತ್ತು ನಿಮಿಷ ಮೊದಲು ತೆಗೆದರೆ ಆಯಿತು. ಮಸ್ಕಟ್ ನೇರವಾಗಿ ಫ್ರಿಜ್‌ನಿಂದಲೇ.

ಟಾನಿ, ಪಿಎಕ್ಸ್, ಮದೀರಾ ಬಾಟಲಿಗಳಿಗೆ ಹೆಚ್ಚಾಗಿ ತಲೆಯಿರುವ ಗಿಡ್ಡ ಬಿರಡೆ ಇರುತ್ತದೆ. ಕೈಯಲ್ಲೇ ತಿರುಗಿಸಿ ತೆಗೆಯಬಹುದು. ಸೋಸದೆ ತುಂಬಿದ ಎಲ್‌ಬಿವಿ ಮತ್ತು ವಿಂಟೇಜ್‌ಗಳಿಗೆ ಉದ್ದನೆಯ ಕಾರ್ಕ್ ಇರುತ್ತದೆ, ತಳದಲ್ಲಿ ಗಸಿಯೂ ಇರುತ್ತದೆ. ಅಂಥದ್ದನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಗಸಿ ಕೆಳಗೆ ಕೂರಲಿ. ಮರುದಿನ ಅಲುಗಾಡಿಸದೆ ಕಾರ್ಕ್ ತೆಗೆದು, ಬಾಟಲಿಯ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಒಂದೇ ಧಾರೆಯಲ್ಲಿ ಗಾಜಿನ ಜಗ್ಗಿಗೆ ಸುರಿಯಿರಿ. ಕತ್ತಿನಲ್ಲಿ ಕಪ್ಪು ಗೆರೆ ಕಂಡ ತಕ್ಷಣ ನಿಲ್ಲಿಸಿ. ಗಸಿಯಿಂದ ಆರೋಗ್ಯಕ್ಕೆ ಏನೂ ಆಗುವುದಿಲ್ಲ, ಬಾಯಿಗೆ ಮರಳು ಮರಳು ಅಷ್ಟೇ.

ಹೆಜ್ಜೆ 5: ಸುರಿದು, ಮೂಸಿ, ಸವಿಯಿರಿ

ಬೆರಳುದ್ದದ ಗಿಡ್ಡ ಶೆರ್ರಿ ಗ್ಲಾಸ್‌ಗಳನ್ನು ಮರೆತುಬಿಡಿ. ಅದರಲ್ಲಿ ಮೂಗಿಗೆ ಜಾಗವಿಲ್ಲ. ಸಾಧಾರಣ ಬಿಳಿ ವೈನ್ ಗ್ಲಾಸಿನಲ್ಲಿ 60-75 ಮಿಲಿ ಹಾಕಿ. ಕಡಿಮೆ ಅನಿಸಬಹುದು. ಆದರೆ 20 ಶೇಕಡದ ಪೋರ್ಟ್ 75 ಮಿಲಿಯಲ್ಲಿ ಇರುವ ಆಲ್ಕೋಹಾಲ್, 650 ಮಿಲಿ ಬಿಯರ್ ಬಾಟಲಿಯ ಅರ್ಧದಲ್ಲಿ ಇರುವುದಕ್ಕೆ ಹತ್ತಿರ ಬರುತ್ತದೆ. ಸಿಹಿಯಾದ್ದರಿಂದ ಗೊತ್ತಾಗದೆ ಇಳಿಯುತ್ತದೆ. ಒಂದು ಸುತ್ತಿಗೆ ನಿಲ್ಲಿಸಿ, ಪಕ್ಕದಲ್ಲಿ ನೀರಿರಲಿ, ವಾಹನ ಓಡಿಸುವ ದಿನ ಬೇಡ. ಮಧುಮೇಹ ಇರುವವರು ಸಕ್ಕರೆಯ ಲೆಕ್ಕವನ್ನೂ ನೆನಪಿನಲ್ಲಿಡಿ.

ಎಲ್‌ಬಿವಿ ಮತ್ತು ಟಾನಿಯನ್ನು ಅಕ್ಕಪಕ್ಕ ಇಡಿ. ಗ್ಲಾಸ್ ವಾಲಿಸಿ, ಬಿಳಿ ಕಾಗದದ ಮೇಲೆ ಅಂಚಿನ ಬಣ್ಣ ನೋಡಿ. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಇಟ್ಟಿಗೆ. ಮೂಗನ್ನು ಒಮ್ಮೆಲೇ ಒಳಗೆ ಹಾಕಬೇಡಿ, ಸ್ಪಿರಿಟ್ ಚುರುಕ್ ಅನ್ನುತ್ತದೆ. ಸ್ವಲ್ಪ ದೂರದಿಂದ ಶುರು ಮಾಡಿ. ಮೊದಲ ಗುಟುಕು ಬಾಯಿ ಒಗ್ಗಲಿಕ್ಕೆ ಮಾತ್ರ, ಅದರಿಂದ ತೀರ್ಮಾನ ಬೇಡ. ಎರಡನೆಯದನ್ನು ನಾಲಿಗೆಯ ಮೇಲೆ ಐದಾರು ಸೆಕೆಂಡ್ ಉರುಳಿಸಿ. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ನೋಡಿ. ಒಳ್ಳೆಯ ಟಾನಿಯಲ್ಲಿ ಅಕ್ರೋಟಿನ ರುಚಿ ಒಂದು ನಿಮಿಷವಾದರೂ ಬಾಯಲ್ಲಿ ಸುತ್ತುತ್ತಿರುತ್ತದೆ. ಪಿಎಕ್ಸ್ ಕೊನೆಗೆ. ಅದನ್ನು ಮೊದಲೇ ಕುಡಿದರೆ ಉಳಿದದ್ದೆಲ್ಲ ಸಪ್ಪೆ.

ಹೆಜ್ಜೆ 6: ಜೊತೆಗೆ ಏನು

ವೈನ್ ತಿಂಡಿಗಿಂತ ಸಿಹಿ ಇರಬೇಕು. ತಿಂಡಿಯೇ ಹೆಚ್ಚು ಸಿಹಿಯಾದರೆ ವೈನ್ ಹುಳಿ ಹುಳಿ, ತೆಳು ಅನಿಸುತ್ತದೆ. ಪಾಕದಲ್ಲಿ ಮುಳುಗಿದ ಜಾಮೂನಿನ ಎದುರು ಯಾವ ಪೋರ್ಟೂ ನಿಲ್ಲದು.

ಎಲ್‌ಬಿವಿ, ವಿಂಟೇಜ್‌ಗಳಿಗೆ ಸ್ಟಿಲ್ಟನ್‌ನಂಥ ಉಪ್ಪುಪ್ಪಾದ ನೀಲಿ ಚೀಸ್ ಇಂಗ್ಲೆಂಡಿನ ಹಳೆಯ ಜೋಡಿ. ಬನ್ಯೂಲ್ಸ್ ಜೊತೆ ಕಡುಕಪ್ಪು ಚಾಕೊಲೇಟ್. ಚಾಕೊಲೇಟ್ ಜೊತೆ ಹೊಂದುವ ವೈನ್ ಕಡಿಮೆ, ಇದು ಚೆನ್ನಾಗಿ ಹೊಂದುತ್ತದೆ. ಟಾನಿಗೆ ಹುರಿದ ಬಾದಾಮಿ, ಅಕ್ರೋಟು ಅಥವಾ ಪೋರ್ಚುಗೀಸರ ಮೊಟ್ಟೆ ಕಸ್ಟರ್ಡಿನ ಪುಟ್ಟ ಪೇಸ್ಟ್ರಿ. ಧಾರವಾಡ ಪೇಡವನ್ನೂ ನಾನು ಟಾನಿ ಜೊತೆ ತಿಂದು ನೋಡಿದೆ. ಹಾಲು ಕೆಂಪಗೆ ಕುದಿದ ಆ ರುಚಿ ಟಾನಿಯ ಸುಟ್ಟ ಸಕ್ಕರೆಗೆ ಸಲೀಸಾಗಿ ಸೇರುತ್ತದೆ. ಮೇಲಿನ ಸಕ್ಕರೆ ಪುಡಿ ಮಾತ್ರ ಸ್ವಲ್ಪ ಉದುರಿಸಿಬಿಡಿ. ಮದೀರಾ ದ್ವೀಪದಲ್ಲಿ ‘ಬೋಲು ದೆ ಮೆಲ್’ ಅನ್ನುವ ಮಸಾಲೆ ಕೇಕ್ ಇದೆ. ಹೆಸರಿನಲ್ಲಿ ಜೇನು, ಒಳಗೆ ಕಬ್ಬಿನ ಕಾಕಂಬಿ. ಮಾಲ್ವಸಿಯಾ ಜೊತೆ ಅದನ್ನೇ ಕೊಡುತ್ತಾರೆ.

ಪಿಎಕ್ಸ್‌ಗೆ ವೆನಿಲಾ ಐಸ್‌ಕ್ರೀಮ್. ಜೊತೆಗಲ್ಲ, ಮೇಲೆ. ಎರಡು ಚಮಚ ಸುರಿದರೆ ಸಾಕು.

ಹೆಜ್ಜೆ 7: ಉಳಿದದ್ದನ್ನು ಇಡಿ

ಎರಡನೇ ಪ್ರಶ್ನೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. ಗಾಳಿಯಿಂದ ದೂರ ಬೆಳೆದ ವೈನ್ ತೆರೆದ ಮೇಲೆ ಬೇಗ ಕೆಡುತ್ತದೆ. ಗಾಳಿಯಲ್ಲೇ ಹಳೆಯದಾದದ್ದು ಗಾಳಿಗೆ ಜಗ್ಗುವುದಿಲ್ಲ. ವಿಂಟೇಜ್ ಎರಡು ಮೂರು ದಿನ. ಎಲ್‌ಬಿವಿ, ಮಸ್ಕಟ್ ಐದಾರು ದಿನ. ರೂಬಿ ಹತ್ತು ದಿನ. ಟಾನಿ ಮೂರು ನಾಲ್ಕು ವಾರ. ಪಿಎಕ್ಸ್ ಒಂದೆರಡು ತಿಂಗಳು. ಮದೀರಾ ತಿಂಗಳುಗಟ್ಟಲೆ ಇದ್ದರೂ ಬಹಳ ಬದಲಾಗುವುದಿಲ್ಲ. ಬಿಸಿ, ಗಾಳಿ ಎರಡನ್ನೂ ಅದು ಮೊದಲೇ ಕಂಡಾಗಿದೆ. ನಮ್ಮ ಹವೆಗೆ ಇದಕ್ಕಿಂತ ಒಗ್ಗುವ ವೈನ್ ನನಗೆ ಗೊತ್ತಿಲ್ಲ. ಉಳಿದವೆಲ್ಲ ಫ್ರಿಜ್‌ನ ಬಾಗಿಲಲ್ಲಿ, ನೆಟ್ಟಗೆ, ಬಿರಡೆ ಬಿಗಿಯಾಗಿ.

ತೆರೆಯದ ಬಾಟಲಿಯಲ್ಲಿ ಉದ್ದ ಕಾರ್ಕಿನದನ್ನು ಮಲಗಿಸಿಡಿ, ಗಿಡ್ಡ ಬಿರಡೆಯದನ್ನು ನಿಲ್ಲಿಸಿಡಿ. ವಿಂಟೇಜ್ ಬಿಟ್ಟರೆ ಹೆಚ್ಚಿನವು ಬಾಟಲಿಯಲ್ಲಿ ಇನ್ನಷ್ಟು ಮಾಗುವುದಿಲ್ಲ, ಕಾಯುವುದರಿಂದ ಲಾಭವಿಲ್ಲ.

ಕೊನೆಯದಾಗಿ, ಅಡುಗೆಮನೆಗೆ ಒಂದು ಮಾರ್ಸಾಲಾ

ಸಿಸಿಲಿಯ ಪಶ್ಚಿಮ ತೀರದ ಮಾರ್ಸಾಲಾ ಊರಿನ ವೈನಿಗೆ ಜಾನ್ ವುಡ್‌ಹೌಸ್ ಎಂಬ ಇಂಗ್ಲಿಷ್ ವ್ಯಾಪಾರಿ 1773ರಲ್ಲಿ ಸ್ಪಿರಿಟ್ ಬೆರೆಸಿ ಇಂಗ್ಲೆಂಡಿಗೆ ಕಳಿಸಿದ. ಅಲ್ಲಿಂದ ಅದಕ್ಕೆ ಹೆಸರು ಬಂತು. ದೋಲ್ಚೆ ಅಂತ ಬರೆದಿರುವುದನ್ನು ತನ್ನಿ. ‘ಫೀನೆ’ಗೆ ಒಂದು ವರ್ಷ, ‘ಸುಪೆರಿಯೋರೆ’ಗೆ ಎರಡು ವರ್ಷ ವಯಸ್ಸಾಗಿರುತ್ತದೆ.

ಮೊಟ್ಟೆ ತಿನ್ನುವವರಾದರೆ ಜಬಾಯೋನೆ ಮಾಡಿ. ನಾಲ್ಕು ಹಳದಿ ಭಾಗ, ನಾಲ್ಕು ದೊಡ್ಡ ಚಮಚ ಸಕ್ಕರೆ, ಎಂಟು ಚಮಚ ಮಾರ್ಸಾಲಾ. ಮೊದಲು ಹಳದಿ, ಸಕ್ಕರೆ ಸೇರಿಸಿ ಬಣ್ಣ ತಿಳಿಯಾಗುವವರೆಗೆ ಕಡೆಯಿರಿ. ಮಾರ್ಸಾಲಾ ಹಾಕಿ. ಪಾತ್ರೆಯನ್ನು ಸಣ್ಣಗೆ ಕುದಿಯುವ ನೀರಿನ ಮೇಲೆ, ತಳ ನೀರಿಗೆ ತಾಗದಂತೆ ಇಟ್ಟು, ಕೈಬಿಡದೆ ಕಡೆಯುತ್ತಾ ಇರಿ. ಎಂಟು ಹತ್ತು ನಿಮಿಷದಲ್ಲಿ ನೊರೆ ಗಟ್ಟಿಯಾಗಿ ಮೂರು ಪಟ್ಟು ಉಬ್ಬುತ್ತದೆ. ಉರಿ ಜೋರಾದರೆ ಮೊಟ್ಟೆ ಒಡೆದು ಗಂಟಾಗುತ್ತದೆ, ಹಾಗಾಗಿ ನಡುನಡುವೆ ಪಾತ್ರೆ ಎತ್ತಿ ಇಳಿಸಿ. ಕಡೆಗೋಲು ಎತ್ತಿದಾಗ ಬಿದ್ದ ಗೆರೆ ತಕ್ಷಣ ಅಳಿಸದಿದ್ದರೆ ಹದ ಬಂತು. ಬಿಸಿಯಿರುವಾಗಲೇ ಗ್ಲಾಸ್‌ಗಳಿಗೆ ಹಾಕಿ, ಪಕ್ಕದಲ್ಲಿ ಹೆಚ್ಚಿದ ಅಂಜೂರ ಇಟ್ಟು ಕೊಡಿ.